ಪರಿಮಳದ ಎಲೆಗೆ ಆತುರ ಸಲ್ಲದು

ಪ್ರಶ್ನೆ: ಕುಂಡಗಳಲ್ಲಿ ಪುದೀನ ಮತ್ತು ತುಳಸಿ ಬೆಳೆದಿದ್ದೇನೆ. ಇಲ್ಲಿ ಬೇಸಿಗೆಯ ಹಗಲು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಗಾಳಿಯಲ್ಲಿ ತೇವ ಇಲ್ಲವೇ ಇಲ್ಲ. ಕೊಯ್ದು ತೆಳುವಾಗಿ ಹರಡಿದರೆ ಎಲೆಗಳು ಒಂದೇ ದಿನದಲ್ಲಿ ಗರಿಗರಿಯಾಗುತ್ತವೆ. ಇದು ಅನುಕೂಲವೆಂದೇ ಭಾವಿಸಿದ್ದೆ. ಆದರೆ ಒಣಗಿದ ಎಲೆಯನ್ನು ಮೂಸಿದರೆ ಒಣಹುಲ್ಲಿನ ವಾಸನೆ ಮಾತ್ರ. ಪರಿಮಳ ಎಲ್ಲಿ ಹೋಯಿತು?

ಉತ್ತರ: ನೀರಿನ ಜೊತೆಗೇ ಗಾಳಿಗೆ ಹೋಯಿತು. ಎಲೆ ಒಣಗಿಸುವ ಸಲಹೆಗಳು ಹೆಚ್ಚಾಗಿ ತೇವದ ಹವೆಯಲ್ಲಿರುವವರನ್ನು ಮನಸ್ಸಿನಲ್ಲಿಟ್ಟು ಹೇಳಿದವು. ಬೂಷ್ಟಿನ ಭಯ ಇರುವ ಕಡೆ ‘ತೆಳುವಾಗಿ ಹರಡಿ, ಗಾಳಿ ಆಡಲಿ, ಬೇಗ ಒಣಗಲಿ’ ಎನ್ನುವುದು ಸರಿಯಾದ ಮಾತು. ನಿಮ್ಮಲ್ಲಿ ಗಾಳಿಗೇ ಬಾಯಾರಿಕೆ. ಅದು ಸಿಕ್ಕಿದ್ದನ್ನೆಲ್ಲ ಹೀರುತ್ತದೆ. ನೀವು ಮಾಡಬೇಕಾದದ್ದು ಒಣಗುವುದನ್ನು ತಡವಾಗಿಸುವ ಕೆಲಸ.

ಪುದೀನದ ಎಲೆಯೊಂದನ್ನು ಮಗುಚಿ ಭೂತಗನ್ನಡಿಯಲ್ಲಿ ನೋಡಿ. ಮಿನುಗುವ ಸಣ್ಣ ಸಣ್ಣ ಚುಕ್ಕೆಗಳು ಕಾಣುತ್ತವೆ. ಅವು ಸುಗಂಧ ತೈಲದ ಗ್ರಂಥಿಗಳು. ಪುದೀನ, ತುಳಸಿ, ದೊಡ್ಡಪತ್ರೆ, ರೋಸ್‌ಮೇರಿ ಎಲ್ಲವೂ ಒಂದೇ ಕುಟುಂಬದ ಗಿಡಗಳು. ಈ ಕುಟುಂಬದಲ್ಲಿ ತೈಲ ಎಲೆಯ ಒಡಲೊಳಗೆ ಆಳದಲ್ಲಿ ಇರುವುದಿಲ್ಲ, ಮೇಲ್ಮೈಯ ಮೇಲೆ, ತೆಳ್ಳನೆಯ ಪೊರೆಯೊಂದರ ಮರೆಯಲ್ಲಿ ಇರುತ್ತದೆ. ಎಲೆಯನ್ನು ಉಜ್ಜಿದರೆ, ಹಿಸುಕಿದರೆ, ಬಿಸಿಗೆ ಒಡ್ಡಿದರೆ ಅದು ಹಾರಿಹೋಗುತ್ತದೆ. ಸುಮಾರು 35 ಡಿಗ್ರಿಯವರೆಗೆ ನಷ್ಟ ಹೆಚ್ಚಿಲ್ಲ, 40 ದಾಟಿದ ಮೇಲೆ ಬೇಗ ಬೇಗ ಖಾಲಿಯಾಗುತ್ತದೆ. ಒಣಗಿಸುವ ಕೋಣೆ ಘಮಘಮಿಸುತ್ತಿದೆ ಎಂದು ಯಾರಾದರೂ ಸಂತೋಷಪಟ್ಟರೆ ನನಗೆ ಸಂಕಟವಾಗುತ್ತದೆ. ಕೋಣೆಯಲ್ಲಿ ತುಂಬಿದ ಪರಿಮಳವೆಲ್ಲ ಎಲೆ ಕಳೆದುಕೊಂಡದ್ದು. ನಾನೂ ಮೊದಲ ವರ್ಷ ತಗಡಿನ ಮಾಡಿನ ಕೋಣೆಯೊಂದರಲ್ಲಿ ಇಡೀ ಪಾತಿಯ ಪುದೀನವನ್ನು ಹೀಗೆಯೇ ಕಳೆದುಕೊಂಡೆ. ಮೂರು ತಿಂಗಳು ನೀರೆರೆದು ಸಾಕಿದ ಗಿಡ ಎರಡು ಹಗಲಿನಲ್ಲಿ ಹೊಟ್ಟಾಯಿತು. ಆ ಬೇಸರ ಇನ್ನೂ ಮರೆತಿಲ್ಲ.

ಕೊಯ್ಲಿನಿಂದಲೇ ಪ್ರಾರಂಭಿಸಿ. ಮೊಗ್ಗು ಕಾಣಿಸಿಕೊಂಡು ಹೂ ಇನ್ನೂ ಅರಳದ ಹಂತ ಒಳ್ಳೆಯದು. ಧೂಳಿದ್ದರೆ ಹಿಂದಿನ ಸಂಜೆಯೇ ಗಿಡದ ಮೇಲೆ ನೀರು ಚಿಮುಕಿಸಿ ತೊಳೆಯಿರಿ, ಕೊಯ್ದ ಮೇಲೆ ತೊಳೆಯುವುದು ಬೇಡ. ಬೆಳಗ್ಗೆ ಎಲೆಯ ಮೇಲಿನ ಹನಿ ಆರಿದ ಕೂಡಲೇ, ಬಿಸಿಲು ಏರುವ ಮುಂಚೆ ಕತ್ತರಿಸಿ. ಎಲೆಗಳನ್ನು ಬಿಡಿಸಬೇಡಿ. ಕಡ್ಡಿಯ ಸಮೇತ ಎಂಟು ಹತ್ತು ರೆಂಬೆಗಳ ಸಡಿಲವಾದ ಕಟ್ಟು ಕಟ್ಟಿ. ಕಡ್ಡಿಯಲ್ಲಿರುವ ನೀರು ಎಲೆಗೆ ನಿಧಾನವಾಗಿ ಬರುತ್ತಿರುವುದರಿಂದ ಎಲೆ ಒಮ್ಮೆಲೇ ಸುರುಟುವುದಿಲ್ಲ. ತೇವದ ಹವೆಯಲ್ಲಿ ಈ ಕಡ್ಡಿ ತೊಂದರೆ ಕೊಡುತ್ತದೆ, ನಿಮ್ಮ ಹವೆಯಲ್ಲಿ ಅದೇ ಆಸರೆ.

ಕಟ್ಟನ್ನು ನಾಲ್ಕಾರು ತೂತು ಮಾಡಿದ ಕಾಗದದ ಚೀಲದೊಳಗೆ ತಲೆಕೆಳಗಾಗಿ ಇಳಿಬಿಟ್ಟು ಮನೆಯ ಅತ್ಯಂತ ಒಳಗಿನ, ತಂಪಾದ, ಕತ್ತಲೆಯ ಕೋಣೆಯಲ್ಲಿ ತೂಗುಹಾಕಿ. ರಟ್ಟಿನ ಪೆಟ್ಟಿಗೆಯೂ ಆಗುತ್ತದೆ. ಹಗಲು ಕಿಟಕಿ ಮುಚ್ಚಿರಲಿ, ರಾತ್ರಿ ತಂಪು ಇಳಿದ ಮೇಲೆ ತೆರೆಯಿರಿ. ಫ್ಯಾನಿನ ಗಾಳಿ ನೇರವಾಗಿ ಬೀಳಬಾರದು. ಕೋಣೆಯ ಆರ್ದ್ರತೆ ಶೇ 20ರ ಆಸುಪಾಸಿನಲ್ಲಿದ್ದರೆ ಕಟ್ಟಿನಿಂದ ದೂರದಲ್ಲಿ ಒದ್ದೆ ಬಟ್ಟೆಯೊಂದನ್ನು ಹರಡಿ ಅದನ್ನು ಶೇ 45ರಿಂದ 55ಕ್ಕೆ ಏರಿಸಿ. ಇದಕ್ಕೊಂದು ಪುಟ್ಟ ಆರ್ದ್ರತಾ ಮಾಪಕ ಬೇಕು. ಈ ಕೆಲಸದಲ್ಲಿ ನಾನು ಕಡ್ಡಾಯ ಎನ್ನುವ ಉಪಕರಣ ಅದೊಂದೇ. ಕೊನೆಯ ಎರಡು ದಿನ ಒದ್ದೆ ಬಟ್ಟೆ ತೆಗೆದುಬಿಡಿ. ಒಂದು ದಿನದಲ್ಲಿ ಮುಗಿಯುತ್ತಿದ್ದ ಕೆಲಸ ನಾಲ್ಕರಿಂದ ಏಳು ದಿನಕ್ಕೆ ಎಳೆಯಲಿ.

ಬಿಸಿಲಿನಲ್ಲಿ ಇಡುವ ಯೋಚನೆಯೇ ಬೇಡ. ಬಿಸಿಲು ಹಸಿರನ್ನು ಸುಡುತ್ತದೆ, ತೈಲವನ್ನೂ ಒಯ್ಯುತ್ತದೆ. ತುಳಸಿ ಮತ್ತು ಕಾಮಕಸ್ತೂರಿಯ ಎಲೆಗಳಂತೂ ಜಜ್ಜಿದ ಕಡೆಯಲ್ಲೆಲ್ಲ ಕಪ್ಪಾಗುತ್ತವೆ. ಒಡೆದ ಕೋಶಗಳಿಂದ ಹೊರಬಂದ ಕಿಣ್ವಗಳು ಗಾಳಿಯ ಆಮ್ಲಜನಕದೊಡನೆ ಸೇರಿ ಮಾಡುವ ಕೆಲಸ ಅದು. ಹೂವನ್ನು ಮುಟ್ಟುವಷ್ಟು ಮೃದುವಾಗಿ ಮುಟ್ಟಿ. ರೋಸ್‌ಮೇರಿ, ಥೈಮ್‌ಗಳಿಗೆ ಇಷ್ಟೆಲ್ಲ ಉಪಚಾರ ಬೇಡ. ದಪ್ಪ ಎಲೆಯ ಆ ಗಿಡಗಳು ಒಣ ಹವೆಯನ್ನು ಬಲ್ಲವು, ನೆರಳಿದ್ದರೆ ಸಾಕು.

ಪ್ರಶ್ನೆ: ಎಲೆ ಮುಟ್ಟಿದರೆ ಪುಡಿಯಾಗುವಷ್ಟು ಒಣಗಿತ್ತು. ಗಾಜಿನ ಭರಣಿಗೆ ತುಂಬಿ ಮುಚ್ಚಿಟ್ಟೆ. ಹತ್ತು ದಿನಗಳ ಮೇಲೆ ತೆರೆದರೆ ನಡುವೆ ಬಿಳಿ ಬೂಷ್ಟು! ಇಷ್ಟು ಒಣ ಊರಿನಲ್ಲಿ ಇದು ಹೇಗೆ ಸಾಧ್ಯ? ಬೂಷ್ಟು ಹಿಡಿದ ಭಾಗವನ್ನು ಮಾತ್ರ ತೆಗೆದು ಉಳಿದದ್ದನ್ನು ಬಳಸಬಹುದೇ?

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಬಳಸಬೇಡಿ. ಇಡೀ ಭರಣಿಯನ್ನು ಚೆಲ್ಲಿ. ಕಣ್ಣಿಗೆ ಕಾಣುವ ಬೂಷ್ಟು ಅದರ ಒಂದು ಅಂಶ ಮಾತ್ರ. ಬೂಷ್ಟು ಎಲೆಯ ರಸಾಯನವನ್ನೇ ಬದಲಿಸಬಲ್ಲದು. 1920ರ ದಶಕದಲ್ಲಿ ಉತ್ತರ ಅಮೆರಿಕದ ದನಗಳು ರಕ್ತ ನಿಲ್ಲದೆ ಸಾಯತೊಡಗಿದವು. ಅವು ತಿಂದದ್ದು ಸರಿಯಾಗಿ ಒಣಗದೆ ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವು. ಆ ಗಿಡದಲ್ಲಿ ಸಹಜವಾಗಿರುವ, ಹೊಸ ಒಣಹುಲ್ಲಿಗೆ ಸಿಹಿ ವಾಸನೆ ಕೊಡುವ ಕೂಮರಿನ್ ಎಂಬ ವಸ್ತುವನ್ನು ಬೂಷ್ಟು ಡೈಕೂಮರಾಲ್ ಎಂಬ ವಿಷವಾಗಿ ಮಾರ್ಪಡಿಸಿತ್ತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಔಷಧಕ್ಕೆ ದಾರಿಯಾದದ್ದು ಅದೇ ಶೋಧ. ಪುದೀನ, ತುಳಸಿಗಳಲ್ಲಿ ಇದೇ ವಿಷ ಹುಟ್ಟುತ್ತದೆ ಎನ್ನುತ್ತಿಲ್ಲ. ಬೂಷ್ಟನ್ನು ಹಗುರವಾಗಿ ಕಾಣಬೇಡಿ ಎನ್ನುತ್ತಿದ್ದೇನೆ.

ಇನ್ನು ಅದು ಬಂದದ್ದು ಹೇಗೆ ಎಂಬುದು. ಗಾಳಿ ವಿಪರೀತ ಒಣಗಿದ್ದಾಗ ಎಲೆಯ ಅಂಚು, ಮೇಲ್ಪದರ ಮೊದಲು ಒಣಗಿ ಗಟ್ಟಿಯಾಗುತ್ತವೆ. ಒಳಗಿನ ನೀರಿಗೆ ಹೊರಬರುವ ದಾರಿ ಮುಚ್ಚಿಹೋಗುತ್ತದೆ. ನಡುನರ, ತೊಟ್ಟು, ಮೊಗ್ಗು ಮತ್ತು ಕಡ್ಡಿಗಳಲ್ಲಿ ನೀರು ಹಾಗೆಯೇ ಉಳಿಯುತ್ತದೆ. ಬೆರಳಿಗೆ ಸಿಗುವುದು ಮೇಲಿನ ಗರಿಗರಿ ಮಾತ್ರ. ಭರಣಿ ಮುಚ್ಚಿದ ಮೇಲೆ ಆ ನೀರು ಹೊರಬಂದು ಎಲ್ಲೆಡೆ ಹರಡುತ್ತದೆ. ಹೊರಗೆ ಎಂಥ ಒಣ ಹವೆಯಿದ್ದರೂ ಮುಚ್ಚಿದ ಭರಣಿಯೊಳಗೆ ಬೇರೆಯದೇ ಹವೆ. ಆದ್ದರಿಂದ ಎಲೆಯನ್ನು ಪುಡಿಮಾಡಿ ಪರೀಕ್ಷಿಸುವುದನ್ನು ಬಿಟ್ಟು ಕಡ್ಡಿಯನ್ನು ಬಗ್ಗಿಸಿ ನೋಡಿ. ಬಾಗಿದರೆ ಇನ್ನೂ ಹಸಿ, ಚಟ್ಟನೆ ಮುರಿದರೆ ಸಿದ್ಧ.

ತೂಕದ ಲೆಕ್ಕವೂ ನೆರವಾಗುತ್ತದೆ. ಹಸಿ ಪುದೀನದಲ್ಲಿ ನೂರಕ್ಕೆ ಎಂಬತ್ತರಿಂದ ಎಂಬತ್ತೈದು ಪಾಲು ನೀರು. ಚೆನ್ನಾಗಿ ಒಣಗಿದ ಎಲೆಯಲ್ಲಿ ಉಳಿಯಬೇಕಾದದ್ದು ಸುಮಾರು ಹತ್ತು ಪಾಲು. ಅಂದರೆ ಒಂದು ಕಿಲೋ ಹಸಿ ಸೊಪ್ಪು 170ರಿಂದ 220 ಗ್ರಾಂಗೆ ಇಳಿಯಬೇಕು. 300 ಗ್ರಾಂನಲ್ಲೇ ನಿಂತಿದ್ದರೆ ನೀರು ಎಲ್ಲೋ ಅಡಗಿದೆಯೆಂದೇ ಅರ್ಥ.

ಕಡ್ಡಿ ಮುರಿಯುವ ಹದ ಬಂದಾಗ ಇಡೀ ಎಲೆಗಳನ್ನು ಬಿಡಿಸಿ ಭರಣಿಯ ಮೂರನೆಯ ಎರಡು ಭಾಗದಷ್ಟು ಮಾತ್ರ ತುಂಬಿ, ಆರ್ದ್ರತಾ ಮಾಪಕವನ್ನೂ ಒಳಗಿಟ್ಟು ಮುಚ್ಚಿ. ಒಂದು ದಿನ ಕಳೆದ ಮೇಲೆ ಓದಿ. 55ರಿಂದ 60ರೊಳಗೆ ನಿಂತಿದ್ದರೆ ಸಮಾಧಾನ. ಶೇ 60ಕ್ಕಿಂತ ಕೆಳಗೆ ಬೂಷ್ಟು ಬೆಳೆಯಲಾರದು. 65 ದಾಟಿದ್ದರೆ ಅಥವಾ ಗಾಜಿನ ಒಳಮೈಯಲ್ಲಿ ಮಂಜು ಕಂಡರೆ ಎಲೆಗಳನ್ನು ಹೊರತೆಗೆದು ಅರ್ಧ ದಿನ ಕಾಗದದ ಮೇಲೆ ಇಡಿ, ಮತ್ತೆ ತುಂಬಿ. ಮೊದಲ ವಾರ ದಿನಕ್ಕೊಮ್ಮೆ ಭರಣಿಯನ್ನು ಅಲುಗಾಡಿಸಿ, ಎಲೆಗಳು ಒಂದಕ್ಕೊಂದು ತೇವ ಹಂಚಿಕೊಂಡು ಸಮನಾಗಲಿ. ಮುಚ್ಚಳ ತೆರೆಯುವುದು ಒಂದೆರಡು ನಿಮಿಷ ಸಾಕು. ನಿಮ್ಮ ಹವೆಯಲ್ಲಿ ಹೆಚ್ಚು ಹೊತ್ತು ತೆರೆದರೆ ಹದವಾದ ಎಲೆಯೂ ಮತ್ತೆ ಹೊಟ್ಟಾಗುತ್ತದೆ. ಮಾಪಕ 45ಕ್ಕಿಂತ ಕೆಳಗೆ ತೋರಿಸಿದರೆ ಕೆಲವರು ಹಸಿ ಎಲೆಯನ್ನೋ ಹಣ್ಣಿನ ಸಿಪ್ಪೆಯನ್ನೋ ಒಳಗಿಟ್ಟು ತೇವ ಕೊಡುತ್ತಾರೆ. ದಯವಿಟ್ಟು ಬೇಡ. ಅದು ಬೂಷ್ಟಿಗೆ ಆಹ್ವಾನ. ಹಾಗೆ ಕೊಟ್ಟ ತೇವದಿಂದ ಎಲೆ ಮೆತ್ತಗಾಗುತ್ತದೆ, ಹೋದ ಪರಿಮಳ ಮರಳುವುದಿಲ್ಲ.

ಪ್ರಶ್ನೆ: ದಿನಕ್ಕೆರಡು ಸಲ ನೀರು ಹಾಕುತ್ತೇನೆ. ಆದರೂ ಎಲೆಯ ತುದಿ ಸುಟ್ಟಂತಾಗುತ್ತದೆ, ಮಣ್ಣಿನ ಮೇಲೆ ಬಿಳಿ ಪದರ ಕಟ್ಟಿದೆ. ಗೊಬ್ಬರ ಕೊಟ್ಟಷ್ಟೂ ಗಿಡ ಸೊಂಪಾಗುತ್ತಿದೆ, ವಾಸನೆ ಮಾತ್ರ ಕಡಿಮೆ.

ಉತ್ತರ: ಬಿಳಿ ಪದರ ಲವಣ. ಗಡಸು ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿದಾಗ ನೀರು ಆವಿಯಾಗುತ್ತದೆ, ಲವಣ ಕುಂಡದಲ್ಲೇ ಉಳಿಯುತ್ತದೆ, ಗೊಬ್ಬರದ್ದೂ ಅದಕ್ಕೆ ಸೇರಿಕೊಳ್ಳುತ್ತದೆ. ಒಮ್ಮೆ ಕುಂಡದ ಅಳತೆಯ ಎರಡು ಮೂರು ಪಟ್ಟು ನೀರನ್ನು ನಿಧಾನವಾಗಿ ಹಾಯಿಸಿ ಅಡಿಯಿಂದ ಹರಿದುಹೋಗಲು ಬಿಡಿ. ಆ ನೀರು ತಟ್ಟೆಯಲ್ಲಿ ನಿಲ್ಲಬಾರದು. ಬಳಿಕ ಬೆಳಗಿನ ಜಾವ ಒಂದೇ ಸಲ, ಅಡಿಯಿಂದ ತೊಟ್ಟಿಕ್ಕುವಷ್ಟು ನೀರು ಹಾಕುವುದನ್ನು ರೂಢಿಸಿಕೊಳ್ಳಿ. ಮತ್ತೆ ಹಾಕುವ ಮುನ್ನ ಎರಡಂಗುಲ ಆಳಕ್ಕೆ ಬೆರಳಿಟ್ಟು ನೋಡಿ. ಪುದೀನಕ್ಕೆ ಅಲ್ಲಿ ತೇವ ಇರಬೇಕು, ರೋಸ್‌ಮೇರಿಗೆ ಅಲ್ಲಿಯವರೆಗೆ ಒಣಗಿರಬೇಕು. ಬಿಸಿಲಿನ ಊರಿನಲ್ಲೂ ರೋಸ್‌ಮೇರಿ ಸಾಯುವುದು ಹೆಚ್ಚಾಗಿ ನೀರು ಹೆಚ್ಚಾಗಿ ಬೇರು ಕೊಳೆತು.

ಎಲೆಗಿಂತ ಬೇರಿಗೆ ತಂಪು ಮುಖ್ಯ. ಕಪ್ಪು ಪ್ಲಾಸ್ಟಿಕ್ ಕುಂಡ ಮಧ್ಯಾಹ್ನ ಕೈ ಇಡಲಾಗದಷ್ಟು ಕಾಯುತ್ತದೆ, ಬೇರು ಅಲ್ಲಿ ಬೇಯುತ್ತದೆ. ಕುಂಡವನ್ನು ಇನ್ನೊಂದು ದೊಡ್ಡ ಮಣ್ಣಿನ ಕುಂಡದೊಳಗೆ ಕೂರಿಸಿ ನಡುವಿನ ಸಂದಿಗೆ ಮರಳು ತುಂಬಿ ತೇವವಾಗಿಡಿ. ಮಣ್ಣಿನ ಮೇಲೆ ಒಣ ಎಲೆಯ ಎರಡಂಗುಲದ ಹೊದಿಕೆ ಹಾಕಿ. ಮಧ್ಯಾಹ್ನದ ಮೇಲೆ ನೆರಳಿರಲಿ, ಇಲ್ಲವೇ ಶೇ 30ರಿಂದ 50ರಷ್ಟು ಬಿಸಿಲು ತಡೆಯುವ ನೆರಳು ಪರದೆ ಕಟ್ಟಿ. ಅದಕ್ಕಿಂತ ದಟ್ಟ ಬೇಡ, ತೈಲ ಕೂಡಲು ಬೆಳಕು ಬೇಕು. ಸಾರಜನಕದ ಗೊಬ್ಬರವನ್ನು ನಿಲ್ಲಿಸಿ, ಸೊಂಪಿನ ದೊಡ್ಡ ಎಲೆಯಲ್ಲಿ ಪರಿಮಳ ತೆಳುವಾಗುತ್ತದೆ. ಬಾಯಾರಿಸಿದರೆ ಪರಿಮಳ ಹೆಚ್ಚುತ್ತದೆಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಕೆಲವು ಗಿಡಗಳಲ್ಲಿ ತೈಲದ ಸಾಂದ್ರತೆ ಏರುತ್ತದೆ, ಆದರೆ ಸಿಗುವ ಎಲೆಯೇ ಕಡಿಮೆಯಾಗುತ್ತದೆ. ಇಂಥ ಹವೆಯಲ್ಲಿ ಗಿಡವನ್ನು ಬೇಕೆಂದೇ ಬಾಡಿಸುವುದನ್ನು ನಾನು ಒಪ್ಪುವುದಿಲ್ಲ.

ಪ್ರಶ್ನೆ: ಎಲೆಗಳ ಮೇಲೆ ಮಾಸಲು ಹಳದಿ ಚುಕ್ಕೆ, ಕೆಳಗೆ ಸಣ್ಣ ಬಲೆ. ಕೊಯ್ಲಿಗೆ ಹತ್ತು ದಿನವಿದೆ. ಬೇವಿನ ಎಣ್ಣೆ ಸಿಂಪಡಿಸಲೇ?

ಉತ್ತರ: ಅದು ಜೇಡ ನುಸಿ. ಬಿಸಿ, ಒಣ ಹವೆ ಅದಕ್ಕೆ ಹಬ್ಬ, ವಾರ ಹತ್ತು ದಿನಕ್ಕೊಂದು ಹೊಸ ತಲೆಮಾರು. ಕೊಯ್ಲು ಹತ್ತಿರವಿರುವುದರಿಂದ ಎಣ್ಣೆ ಬೇಡ, ಅದರ ಕಹಿ ವಾಸನೆ ಒಣಗಿದ ಎಲೆಯಲ್ಲೂ ನಿಲ್ಲುತ್ತದೆ. ಎರಡು ಮೂರು ದಿನಕ್ಕೊಮ್ಮೆ ಬೆಳಗ್ಗೆ ಎಲೆಯ ಅಡಿಭಾಗಕ್ಕೆ ರಭಸವಾಗಿ ನೀರು ಹಾಯಿಸಿ. ಬಲೆ ದಟ್ಟವಾದ ರೆಂಬೆಗಳನ್ನು ಕತ್ತರಿಸಿ ದೂರ ಹಾಕಿ.

ಪ್ರಶ್ನೆ: ತಿಂಗಳುಗಟ್ಟಲೆ ಭರಣಿಯಲ್ಲಿಟ್ಟು ಹದಗೊಳಿಸಿದರೆ ಎಲೆಯ ಪರಿಮಳ ಹೆಚ್ಚುತ್ತದೆಯೇ?

ಉತ್ತರ: ವೆನಿಲ್ಲಾದ ವಿಷಯದಲ್ಲಿ ಈ ಮಾತು ನಿಜ. ಹಸಿ ವೆನಿಲ್ಲಾ ಕಾಯಿಗೆ ಆ ಪರಿಮಳ ಇರುವುದೇ ಇಲ್ಲ. ವೆನಿಲಿನ್ ಅದರಲ್ಲಿ ಸಕ್ಕರೆಯ ಕಣಕ್ಕೆ ಅಂಟಿಕೊಂಡಿರುತ್ತದೆ, ಬೆವರಿಸಿ, ಒಣಗಿಸಿ, ತಿಂಗಳುಗಟ್ಟಲೆ ಹದಗೊಳಿಸುವಾಗ ಕಿಣ್ವಗಳು ಅದನ್ನು ಬಿಡಿಸುತ್ತವೆ. ಪುದೀನ, ತುಳಸಿಗಳಲ್ಲಿ ತೈಲ ಗಿಡದಲ್ಲೇ ಸಿದ್ಧವಾಗಿರುತ್ತದೆ. ಭರಣಿಯಲ್ಲಿ ಅದು ಹುಟ್ಟುವುದಿಲ್ಲ, ಅಲ್ಲಿ ನಡೆಯುವುದು ತೇವ ಸಮನಾಗುವ ಕೆಲಸ, ಅದಕ್ಕೆ ಒಂದೆರಡು ವಾರ ಸಾಕು. ಆಮೇಲೆ ಭರಣಿಯನ್ನು ತಂಪಾದ ಕತ್ತಲೆಯಲ್ಲಿಡಿ, ವರ್ಷದೊಳಗೆ ಬಳಸಿ ಮುಗಿಸಿ. ಎಲೆ ಇಡಿಯಾಗಿಯೇ ಇರಲಿ, ಪುಡಿ ಮಾಡುವುದು ಬೇಕಾದ ದಿನ, ಬೇಕಾದಷ್ಟನ್ನು ಮಾತ್ರ.