ಸಕ್ಕರೆ ವ್ಯಾಪಾರಿಯ ತಾಮ್ರದ ಬಿಲ್ಲೆ: ಲೇಖಕರೊಬ್ಬರಿಗೆ ಉತ್ತರ

ನಮಸ್ಕಾರ.

ನಿಮ್ಮ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪತ್ರಿಕೆಗೆ ತೆಗೆದುಕೊಳ್ಳಲು ಆಗುವುದಿಲ್ಲ. ಹಾಗಂತ ಎರಡು ಸಾಲು ಬರೆದು ವಾಪಸು ಕಳಿಸಿಬಿಡಲೂ ಮನಸ್ಸಾಗಲಿಲ್ಲ. ಬೇರೆಯವರಿಗೂ ಉಪಯೋಗಕ್ಕೆ ಬಂದೀತೆಂದು, ನಿಮ್ಮ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಉತ್ತರವನ್ನು ಇಲ್ಲೇ ಅಚ್ಚು ಹಾಕುತ್ತಿದ್ದೇನೆ.

ಓದುಗರಿಗೆ ಹಿನ್ನೆಲೆ ಇಷ್ಟು. ಲೇಖಕರು ಡೊಂಬಿವಲಿಯವರು, ಮೂಲ ಬಾಗಲಕೋಟೆ ಕಡೆ. ಮೊದಲು ಮಸ್ಜಿದ್ ಬಂದರಿನಲ್ಲಿ, ಪೇಟೆ ಅಲ್ಲಿಂದ ಎದ್ದ ಮೇಲೆ ವಾಶಿಯಲ್ಲಿ, ಸಕ್ಕರೆ ಸಗಟು ಅಂಗಡಿಯ ಲೆಕ್ಕ ಬರೆದು ನಿವೃತ್ತರಾದವರು. ಇಂಗ್ಲೆಂಡಿನ ಇಪ್ಸ್‌ವಿಚ್‌ನಲ್ಲಿರುವ ಮಗಳ ಮನೆಗೆ ಹೋದಾಗ ಹಳೇ ಸಾಮಾನಿನ ಸಂತೆಯಲ್ಲಿ ಒಂದು ತಾಮ್ರದ ಬಿಲ್ಲೆ ಕೊಂಡರು. ಸಫೋಕ್ ಕೌಂಟಿಯ ಸಣ್ಣ ಊರೊಂದರ ವ್ಯಾಪಾರಿ 1667ರಲ್ಲಿ ತನ್ನ ಹೆಸರು ಹಾಕಿ ಹೊರಡಿಸಿದ ಫಾರ್ದಿಂಗ್, ಅಂದರೆ ಕಾಲು ಪೆನ್ನಿಯ ಚಿಲ್ಲರೆ, ಅದು. ಆ ವ್ಯಾಪಾರಿಯ ಮನೆತನ ಹುಡುಕಿದ್ದೇ ಲೇಖನದ ವಸ್ತು.

ಮೊದಲು ಕತ್ತರಿ. ಲಿಡಿಯಾದ ನಾಣ್ಯ, ಕೌಟಿಲ್ಯನ ಪಣ, ವಿಜಯನಗರದ ವರಹ ಎಲ್ಲ ದಾಟಿ ನಿಮ್ಮ ಬಿಲ್ಲೆ ಸಿಗುವುದು ಐದನೇ ಪುಟದಲ್ಲಿ. ಚರ್ಚ್‌ಗೇಟಿನಲ್ಲಿ ಲೋಕಲ್ ಹತ್ತಿ ಪತ್ರಿಕೆ ತೆರೆದವನು ದಾದರ್ ಬರುವಷ್ಟರಲ್ಲಿ ಪುಟ ಮಗುಚಿರುತ್ತಾನೆ. ಬೇಕಾದ ಹಿನ್ನೆಲೆ ಒಂದು ಪ್ಯಾರಾ ಮಾತ್ರ: 1649ರ ಜನವರಿಯಲ್ಲಿ ಒಂದನೇ ಚಾರ್ಲ್ಸ್ ದೊರೆಯ ತಲೆ ಹೋಯಿತು, ಹೊಸ ಆಳ್ವಿಕೆ ತಾಮ್ರದ ಚಿಲ್ಲರೆ ಅಚ್ಚು ಹಾಕಲಿಲ್ಲ. ದಿನಸಿಯವನು, ಬಟ್ಟೆಯವನು, ಮೇಣದಬತ್ತಿ ಮಾಡುವವನು, ಹೆಂಡದಂಗಡಿಯವನು ತಂತಮ್ಮ ಬಿಲ್ಲೆ ಹೊರಡಿಸಿದರು. 1672ರಲ್ಲಿ ಎರಡನೇ ಚಾರ್ಲ್ಸ್ ತಾಮ್ರದ ಸರ್ಕಾರಿ ಚಿಲ್ಲರೆ ತಂದು ಖಾಸಗಿ ಬಿಲ್ಲೆಗಳನ್ನು ನಿಷೇಧಿಸಿದ. ಆ ಎರಡೂವರೆ ದಶಕದೊಳಗೆ ಬಂದ ಬಗೆಗಳು ಹತ್ತು ಸಾವಿರಕ್ಕೂ ಮಿಕ್ಕಿವೆ. ಮುಗಿಯಿತು, ಮುಂದೆ ನಡೆಯಿರಿ.

ಇನ್ನು ನಿಜವಾದ ತೊಂದರೆ. ಬಿಲ್ಲೆಯ ನಡುವೆ ಮೂರು ಅಕ್ಷರಗಳಿವೆ: ಮೇಲೆ ‘ಪಿ’, ಕೆಳಗೆ ಎಡಕ್ಕೆ ‘ಐ’, ಬಲಕ್ಕೆ ‘ಎಂ’. ಮೂವರು ಪಾಲುದಾರರ ಹೆಸರಿನ ಮೊದಲಕ್ಷರಗಳೆಂದು ಬರೆದಿದ್ದೀರಿ. ಆ ಕಾಲದ ಬಿಲ್ಲೆಗಳಲ್ಲಿ ಈ ಜೋಡಣೆಗೆ ರೂಢಿಯ ಅರ್ಥವಿದೆ. ಮೇಲಿನದು ಮನೆತನದ ಹೆಸರು, ಕೆಳಗಿನವು ಗಂಡ ಮತ್ತು ಹೆಂಡತಿ. ಆಗ ‘ಜೆ’ ಬದಲು ‘ಐ’ ಕೆತ್ತುತ್ತಿದ್ದರು, ಆದ್ದರಿಂದ ಅದು ಅಂಚಿನಲ್ಲಿರುವ ಜಾನ್ ಎಂಬ ಹೆಸರಿಗೆ ಸರಿಹೊಂದುತ್ತದೆ. ‘ಎಂ’ ಅವನ ಹೆಂಡತಿ. “ಈ ಮನೆಯ ಹೆಂಗಸರು ಚರಿತ್ರೆಯಲ್ಲಿ ಗುರುತು ಉಳಿಸಲಿಲ್ಲ” ಎಂದು ಒಂಬತ್ತನೇ ಪುಟದಲ್ಲಿ ಮರುಗಿದ್ದೀರಲ್ಲ, ಆ ಗುರುತು ನಿಮ್ಮ ಅಂಗೈಯಲ್ಲೇ ಇತ್ತು.

ಇದರಿಂದ ಇನ್ನೊಂದು ಗಂಟೂ ಬಿಚ್ಚಬೇಕಾಗುತ್ತದೆ. ಚರ್ಚಿನ ದಾಖಲೆಯಲ್ಲಿ ನೀವು ಹಿಡಿದ 1656ರ ಮದುವೆಯಲ್ಲಿ ವಧು ಎಲಿಜಬೆತ್. ಬಿಲ್ಲೆಯ ಮೇಲಿರುವುದು ‘ಎಂ’. ಹಾಗಾದರೆ ಎಲಿಜಬೆತ್ ತೀರಿಕೊಂಡು ಜಾನ್ ಎರಡನೇ ಮದುವೆಯಾಗಿರಬೇಕು, ಇಲ್ಲವೇ ನೀವು ಹಿಡಿದ ಜಾನ್ ಬೇರೆಯವನಿರಬೇಕು. ಅದೇ ಊರಲ್ಲಿ ಅದೇ ಹೆಸರಿನ ಅಣ್ಣತಮ್ಮಂದಿರ ಮಕ್ಕಳು ಇರುವುದು ಅಪರೂಪವೇನಲ್ಲ. 1656ರಿಂದ 1667ರವರೆಗಿನ ಹೂಳಿದವರ ಪಟ್ಟಿ ನೋಡದೆ ಈ ಮನೆತನದ ಬಗ್ಗೆ ಒಂದು ವಾಕ್ಯವನ್ನೂ ಮುಂದುವರಿಸಬೇಡಿ.

ಹಗರಣದ ಎರಡು ಪುಟಗಳನ್ನಂತೂ ದಯವಿಟ್ಟು ಹರಿದು ಹಾಕಿ. ಮದುವೆ 1656ರ ಏಪ್ರಿಲ್‌ನಲ್ಲಿ, ಮಗು ಹುಟ್ಟಿದ್ದು 1656ರ ಫೆಬ್ರವರಿಯಲ್ಲಿ, ಆದ್ದರಿಂದ ಊರೆಲ್ಲ ಗುಸುಗುಸು ಎಂದಿದ್ದೀರಿ. ಇಂಗ್ಲೆಂಡಿನಲ್ಲಿ 1752ರವರೆಗೆ ದಾಖಲೆಯ ವರ್ಷ ಬದಲಾಗುತ್ತಿದ್ದುದು ಮಾರ್ಚ್ 25ಕ್ಕೆ. ಏಪ್ರಿಲ್ ಕಳೆದು ಹತ್ತು ತಿಂಗಳಾದ ಮೇಲೆ ಬಂದ ಫೆಬ್ರವರಿಗೂ ಅವರು 1656 ಎಂದೇ ಬರೆದರು. ನಮ್ಮ ಲೆಕ್ಕದಲ್ಲಿ ಅದು 1657. ಅಲ್ಲಿನ ತೆರಿಗೆ ವರ್ಷ ಈಗಲೂ ಏಪ್ರಿಲ್ 6ಕ್ಕೆ ಶುರುವಾಗುವುದು ಆ ಪದ್ಧತಿಯ ಉಳಿಕೆಯೇ. ದೀಪಾವಳಿ ಪಾಡ್ಯಕ್ಕೆ ಸೇಠ್‌ಜಿಯ ಹೊಸ ಖಾತೆ ಪೂಜೆ, ಏಪ್ರಿಲ್ 1ಕ್ಕೆ ಆದಾಯ ತೆರಿಗೆಯ ಹೊಸ ವರ್ಷ, ಮನೆಯಲ್ಲಿ ಯುಗಾದಿ ಎಂದು ಮೂರು ವರ್ಷಾರಂಭ ಸಂಭಾಳಿಸಿದ ನೀವು ಇಲ್ಲಿ ಎಡವಬಾರದಿತ್ತು. ಸತ್ತವರು ಮಾನಹಾನಿ ದಾವೆ ಹೂಡುವುದಿಲ್ಲ, ನಿಜ.

1640ರ ದಶಕದಲ್ಲಿ ಈ ಮನೆತನದ ಹೆಸರು ಚರ್ಚಿನ ಪುಸ್ತಕದಲ್ಲಿ ಸಿಗದ ಕಾರಣಕ್ಕೆ ಅವರನ್ನು ಹಾಲೆಂಡಿನಿಂದ ಕರೆತಂದಿದ್ದೀರಿ. ಅಂತರ್ಯುದ್ಧದ ಆ ವರ್ಷಗಳಲ್ಲಿ ಎಷ್ಟೋ ಊರಿನ ಪುಸ್ತಕಗಳೇ ಹರಕು ಮುರುಕು. ಹಾಲೆಂಡ್ ಬಿಡಿ.

ಬಿಲ್ಲೆಯ ಹಿಂಬದಿಯ ಶಂಕುವಿನಾಕೃತಿಯನ್ನು ಚರ್ಚಿನ ಗೋಪುರವೆಂದು ಕರೆದು, ದೈವಭಕ್ತಿಯ ಮೇಲೆ ಒಂದು ಪುಟ ಬರೆದಿದ್ದೀರಿ. ನೀವು ಬರೆದದ್ದಕ್ಕೇ ನನಗೆ ಹೆಚ್ಚು ಆಶ್ಚರ್ಯ. ಸ್ವಾಮಿ, ಅದು ಸಕ್ಕರೆ! ಆಗ ಶುದ್ಧ ಸಕ್ಕರೆಯನ್ನು ಮಣ್ಣಿನ ಅಚ್ಚಿಗೆ ಹೊಯ್ದು ಗಟ್ಟಿ ಶಂಕುವಾಗಿ ಮಾರುತ್ತಿದ್ದರು. ದಿನಸಿ ವ್ಯಾಪಾರಿಗಳ ಮೆಚ್ಚಿನ ಗುರುತು ಅದು. ಗೌರಿ ಹುಣ್ಣಿಮೆಗೆ ನಿಮ್ಮೂರಲ್ಲಿ ಸಕ್ಕರೆ ಆರತಿ ಎರೆಯುವ ರೀತಿಯೇ, ಗಾತ್ರ ದೊಡ್ಡದು ಅಷ್ಟೆ. ಈ ಸಕ್ಕರೆಯ ಜಾಡು ಹಿಡಿದರೆ ಲೇಖನ ಸಫೋಕ್ ದಾಟಿ ಹೋಗುತ್ತದೆ. 1640ರ ದಶಕದಿಂದ ಬಾರ್ಬಡೋಸ್ ದ್ವೀಪದಲ್ಲಿ ಆಫ್ರಿಕದ ಗುಲಾಮರನ್ನು ದುಡಿಸಿ ಕಬ್ಬು ಬೆಳೆದರು. ಕಚ್ಚಾ ಸಕ್ಕರೆ ಹಡಗಿನಲ್ಲಿ ಲಂಡನ್ನಿಗೆ ಬಂದು, ಅಲ್ಲಿ ಶುದ್ಧಿಯಾಗಿ, ಇಂಥ ಸಂತೆಯೂರುಗಳಿಗೆ ಇಳಿಯಿತು. ನಿಮ್ಮ ಧರ್ಮಭೀರು ವ್ಯಾಪಾರಿಯ ಗಲ್ಲೆಗೆ ಆ ದುಡಿಮೆಯ ಪಾಲೂ ಬಿದ್ದಿದೆ. ಇದನ್ನು ಬರೆಯಿರಿ, ಆದರೆ ಅವನನ್ನು ಖಳನಾಯಕ ಮಾಡುವ ಅವಸರ ಬೇಡ.

ಹನ್ನೊಂದನೇ ಪುಟದಲ್ಲಿ ಹೆಂಡತಿ ಮೇಣದಬತ್ತಿಯ ಬೆಳಕಿನಲ್ಲಿ ಬಿಲ್ಲೆ ಎಣಿಸುತ್ತ ಗಂಡನಿಗೆ ಬುದ್ಧಿ ಹೇಳುವ ಸನ್ನಿವೇಶವಿದೆ. ಚೆನ್ನಾಗಿದೆ, ಸುಳ್ಳು ಕೂಡ. ಕಥೆ ಬರೆಯುವುದಾದರೆ ಕಥೆಯೆಂದೇ ಕಳಿಸಿ, ನಮ್ಮ ದೀಪಾವಳಿ ಸಂಚಿಕೆಗೆ ಕಥೆಗಳು ಬೇಕು. ಸಂಶೋಧನೆ ಎಂದ ಮೇಲೆ ಊಹೆಯನ್ನು ಊಹೆಯೆಂದೇ ಹೇಳಬೇಕು. ನಿಮ್ಮ ಲೇಖನದಲ್ಲಿ ದಾಖಲೆಯಿಂದ ಬಂದದ್ದು ಯಾವುದು, ಮನಸ್ಸಿನಿಂದ ಬಂದದ್ದು ಯಾವುದು ಎಂದು ಓದುಗನಿಗೆ ಗೊತ್ತಾಗುವುದೇ ಇಲ್ಲ. ನಾನು ಒಪ್ಪದಿರಲು ಇದೇ ಮುಖ್ಯ ಕಾರಣ. ವೋಚರ್ ಇಲ್ಲದ ಖರ್ಚನ್ನು ನೀವು ಎಂದಾದರೂ ಖಾತೆಗೆ ಏರಿಸಿದ್ದೀರಾ?

“ಊರಿನ ಅತಿ ಶ್ರೀಮಂತರು” ಎಂದಿರುವುದಕ್ಕೂ ಆಧಾರ ಬೇಕು, ಅದನ್ನು ಹುಡುಕುವುದು ಕಷ್ಟವೇನಲ್ಲ. 1662ರಿಂದ 1689ರವರೆಗೆ ಅಲ್ಲಿ ಒಲೆ ತೆರಿಗೆ ಇತ್ತು, ಒಂದು ಒಲೆಗೆ ವರ್ಷಕ್ಕೆ ಎರಡು ಶಿಲ್ಲಿಂಗ್. ಸಫೋಕ್‌ನ 1674ರ ಪಟ್ಟಿ 1905ರಲ್ಲೇ ಪುಸ್ತಕವಾಗಿ ಬಂದಿದೆ. ನಿಮ್ಮವನ ಮನೆಯಲ್ಲಿ ಎರಡು ಒಲೆಯೋ ಎಂಟು ಒಲೆಯೋ, ಪಕ್ಕದವರಲ್ಲಿ ಎಷ್ಟೋ ಎಂದು ನೋಡಿದರೆ ಅವನ ಅಂತಸ್ತು ತಿಳಿಯುತ್ತದೆ. ಆಮೇಲೆ ಮರಣಶಾಸನ, ಅಂದರೆ ಉಯಿಲು. ಇಪ್ಸ್‌ವಿಚ್‌ನಲ್ಲೇ ಕೌಂಟಿಯ ಪತ್ರಾಗಾರವಿದೆ, ಮಗಳ ಮನೆಯಿಂದ ನಡೆದು ಹೋಗಬಹುದೇನೋ. ಅಲ್ಲಿ ಸಿಗದಿದ್ದರೆ ಬೆರಿ ಸೇಂಟ್ ಎಡ್ಮಂಡ್ಸ್ ಊರಿನ ದಾಖಲೆಗಳು, ನಾರ್ವಿಚ್‌ನ ಪತ್ರಾಗಾರ, ಕೊನೆಗೆ ಲಂಡನ್ನಿನ ಕ್ಯೂ (Kew) ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರ. ಆಸ್ತಿ ಎಲ್ಲೆಲ್ಲಿ ಇತ್ತೆಂಬುದರ ಮೇಲೆ ಉಯಿಲಿಗೆ ಮಂಜೂರಿ ಕೊಡುವ ನ್ಯಾಯಾಲಯ ಬದಲಾಗುತ್ತಿತ್ತು. ಅದೃಷ್ಟವಿದ್ದರೆ ಸತ್ತಾಗ ಅಂಗಡಿಯಲ್ಲಿದ್ದ ಮಾಲಿನ ಯಾದಿಯೂ ಸಿಗುತ್ತದೆ, ಒಂದೊಂದರ ಬೆಲೆಯ ಸಮೇತ. ಅಂಥದ್ದನ್ನು ಓದಲು ನಿಮಗಿಂತ ಅರ್ಹರು ನಮ್ಮ ಲೇಖಕರಲ್ಲಿ ಇಲ್ಲ.

ನೀವು ಬರೆಯದೇ ಬಿಟ್ಟದ್ದು ಲೆಕ್ಕದ ಭಾಗ. ಬಿಲ್ಲೆ ಎಂದರೆ ವ್ಯಾಪಾರಿಯ ತಲೆಯ ಮೇಲಿನ ಸಾಲ. ಗಿರಾಕಿ ತಂದುಕೊಟ್ಟರೆ ಮಾಲೋ ಬೆಳ್ಳಿಯೋ ಕೊಡಬೇಕು. ಪೌಂಡಿಗೆ 960 ಫಾರ್ದಿಂಗ್. ಮಾಡಿಸಿದ ಖರ್ಚು ಮುಖಬೆಲೆಗಿಂತ ಕಡಿಮೆ, ಕಳೆದುಹೋಗಿ ವಾಪಸು ಬಾರದ ಪ್ರತಿ ಬಿಲ್ಲೆಯೂ ಅವನಿಗೆ ಲಾಭ. ಬೇರೆ ಅಂಗಡಿಗಳ ಬಿಲ್ಲೆ ತನ್ನ ಗಲ್ಲೆಗೆ ಬಂದರೆ ಬೇರೆಬೇರೆ ಮಾಡಿಟ್ಟು ಅವರವರಿಗೆ ಮರಳಿಸಬೇಕಿತ್ತು. ಅವನನ್ನು ನಂಬುವವರಿದ್ದಷ್ಟು ದೂರ ಮಾತ್ರ ಅದು ಓಡುತ್ತಿತ್ತು. ಇದನ್ನು ಉದ್ರಿ ವ್ಯವಹಾರದಲ್ಲಿ ಪಳಗಿದ ನಿಮ್ಮ ಕೈ ಬರೆದರೆ ವಂಶವೃಕ್ಷಕ್ಕಿಂತ ಹತ್ತು ಪಾಲು ಚೆನ್ನಾಗಿ ಬರುತ್ತದೆ. ವಂಶವೃಕ್ಷವನ್ನು ಅರ್ಧ ಪುಟಕ್ಕೆ ಇಳಿಸಿ.

ತಿದ್ದಿದ ಪ್ರತಿ ಒಂದೂವರೆ ಸಾವಿರ ಪದ ಮೀರದಿರಲಿ. ಬಿಲ್ಲೆಯ ಎರಡೂ ಬದಿಯ ಫೋಟೋ ಓರೆ ಬೆಳಕಿನಲ್ಲಿ ತೆಗೆಯಿರಿ. ಈಗ ಕಳಿಸಿದ್ದರಲ್ಲಿ ಫ್ಲ್ಯಾಶ್ ಬಡಿದು ಊರಿನ ಹೆಸರೇ ಅಳಿಸಿದಂತಿದೆ. ತೂಕ, ಅಡ್ಡಳತೆ ಬರೆಯಿರಿ. ಇಂಥ ವ್ಯಾಪಾರಿ ಬಿಲ್ಲೆಗಳನ್ನೆಲ್ಲ ಪಟ್ಟಿ ಮಾಡಿದ ವಿಲಿಯಂಸನ್ ಅವರ 1889–91ರ ಪುಸ್ತಕ ಕೌಂಟಿವಾರು, ಊರುವಾರು ಇದೆ. ಅದರಲ್ಲಿನ ಸಂಖ್ಯೆಯನ್ನೂ ಕೊಡಿ. ಬಿಲ್ಲೆಯನ್ನು ಹುಣಸೆಹಣ್ಣು ಹಾಕಿ ಮಾತ್ರ ತಿಕ್ಕಬೇಡಿ.