ಪ್ರತಿಕ್ರಿಯೆ: ಪಬ್ಲಿಕ್ ಪಾಲಿಸಿ ಓದಲು ಸಾಲ ಮಾಡಬಹುದಾ?

ಅಮೆರಿಕದಲ್ಲಿ ಎರಡು ವರ್ಷದ ಪಬ್ಲಿಕ್ ಪಾಲಿಸಿ ಮಾಸ್ಟರ್ಸ್‌ಗೆ ಸಾಲ ಮಾಡಿದರೆ ಸರ್ಕಾರಿ ಸಂಬಳದಲ್ಲಿ ತೀರಿಸಬಹುದಾ ಅಂತ ಕೇಳಿದ್ದೀರಿ. ಗ್ರೀನ್ ಕಾರ್ಡ್ ಇರುವುದರಿಂದ ನಿಮಗೆ ಫೆಡರಲ್ ಸಾಲದ, ಅಂದರೆ ಅಮೆರಿಕದ ಕೇಂದ್ರ ಸರ್ಕಾರ ಕೊಡುವ ಸಾಲದ, ದಾರಿ ಇದೆ. ಅದು ದೊಡ್ಡ ಅನುಕೂಲ.

ನನ್ನ ಪ್ರಕಾರ ಎಷ್ಟು ಸಾಲ ಅನ್ನೋದಕ್ಕಿಂತ ಯಾವ ಸಾಲ ಅನ್ನೋದೇ ಮುಖ್ಯ. 2007ರಲ್ಲಿ ಶುರುವಾದ ಪಬ್ಲಿಕ್ ಸರ್ವಿಸ್ ಲೋನ್ ಫರ್ಗಿವ್‌ನೆಸ್ ಯೋಜನೆ ನಿಮ್ಮಂಥವರಿಗಾಗಿಯೇ ಇದೆ. ಸರ್ಕಾರ ಅಥವಾ ಅರ್ಹ ಲಾಭರಹಿತ ಸಂಸ್ಥೆಯಲ್ಲಿ ಪೂರ್ಣಾವಧಿ ಕೆಲಸ ಮಾಡುತ್ತಾ 120 ತಿಂಗಳ ಕಂತು ಕಟ್ಟಿದರೆ, ಫೆಡರಲ್ ಸಾಲದಲ್ಲಿ ಉಳಿದದ್ದು ಮನ್ನಾ. ಕಂತು ಆದಾಯಕ್ಕೆ ತಕ್ಕಂತೆ ಇರುವ ಪ್ಲಾನ್ ಆರಿಸಿಕೊಳ್ಳಿ. ಹತ್ತು ವರ್ಷದ ಸ್ಟ್ಯಾಂಡರ್ಡ್ ಪ್ಲಾನ್‌ನಲ್ಲಿ ಮನ್ನಾ ಆಗೋಕೆ ಏನೂ ಉಳಿಯಲ್ಲ, ಅಲ್ವಾ?

ಖಾಸಗಿ ಸಾಲಕ್ಕೆ ಮನ್ನಾ ಇಲ್ಲ. ಇಲ್ಲೇ ಎಚ್ಚರ ಬೇಕು. 2026ರ ಜುಲೈಯಿಂದ ಹೊಸದಾಗಿ ಸಾಲ ಮಾಡುವವರಿಗೆ ಗ್ರಾಡ್ ಪ್ಲಸ್ (ಓದಿನ ಪೂರ್ತಿ ಖರ್ಚಿನವರೆಗೂ ಸಿಗುತ್ತಿದ್ದ ಫೆಡರಲ್ ಸಾಲ) ಇಲ್ಲ. ಇಂಥ ಮಾಸ್ಟರ್ಸ್‌ಗೆ ಫೆಡರಲ್ ಸಾಲ ವರ್ಷಕ್ಕೆ 20,500 ಡಾಲರ್ ಮಾತ್ರ. ಅದಕ್ಕಿಂತ ಜಾಸ್ತಿ ಬೇಕಾದರೆ ಸ್ಕಾಲರ್‌ಶಿಪ್, ಅಸಿಸ್ಟೆಂಟ್‌ಶಿಪ್ (ಯೂನಿವರ್ಸಿಟಿಯಲ್ಲೇ ಪಾಠ ಅಥವಾ ಸಂಶೋಧನೆಗೆ ನೆರವಾಗುವ ಕೆಲಸ) ಅಥವಾ ಉಳಿತಾಯ ನೋಡಿ. ಖಾಸಗಿ ಸಾಲ ತೆಗೆದೇ ಹೋಗಬೇಕು ಅನ್ನುವ ಕಾಲೇಜನ್ನು, ಎಷ್ಟೇ ಹೆಸರಿದ್ದರೂ, ನಾನಾದರೆ ಬಿಡುತ್ತೇನೆ.

ಸಂಬಳಕ್ಕೆ ಇಡೀ ಯೂನಿವರ್ಸಿಟಿಯ ಸರಾಸರಿ ನಂಬಬೇಡಿ. ಕಾಲೇಜ್ ಸ್ಕೋರ್‌ಕಾರ್ಡ್ ಅನ್ನೋ ಅಮೆರಿಕ ಸರ್ಕಾರದ ವೆಬ್‌ಸೈಟ್‌ನಲ್ಲಿ ಆ ಕೋರ್ಸಿನದ್ದೇ ಅಂಕಿ ಇದೆಯಾ ನೋಡಿ. ಸರ್ಕಾರಿ ಕೆಲಸ ಬಿಟ್ಟು ಖಾಸಗಿ ಕನ್ಸಲ್ಟಿಂಗ್‌ಗೆ ಹೋದವರ ಸಂಬಳವೂ ಅದರಲ್ಲೇ ಸೇರಿರುತ್ತದೆ, ನೆನಪಿರಲಿ.