ಖಾತೆ ಬೇರೆ, ಪಾಲು ಬೇರೆ

(ಕಂದಾಯ ಇಲಾಖೆಯ ನಿವೃತ್ತ ಶಿರಸ್ತೇದಾರರೊಬ್ಬರು ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ)

ಪ್ರಶ್ನೆ: ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. 3 ಎಕರೆ 12 ಗುಂಟೆ ತೆಂಗಿನ ತೋಟ ಇನ್ನೂ ಅವರ ಹೆಸರಿನಲ್ಲೇ ಇದೆ. ಅವರೇ ದುಡಿದು ಕೊಂಡಿದ್ದು, ವಿಲ್ ಬರೆದಿಲ್ಲ. ಅಣ್ಣ ಊರಲ್ಲಿದ್ದಾನೆ, ನಾನು ಪೀಣ್ಯದಲ್ಲಿ ಕೆಲಸದಲ್ಲಿದ್ದೇನೆ, ತಂಗಿಯನ್ನು ಕಡೂರಿಗೆ ಕೊಟ್ಟಿದ್ದೇವೆ. ಪಾಲಿನ ವಿಷಯಕ್ಕೆ ನನಗೂ ಅಣ್ಣನಿಗೂ ಮಾತಿಲ್ಲ. ವಿ.ಎ. (ಗ್ರಾಮ ಆಡಳಿತಾಧಿಕಾರಿ) ಹತ್ತಿರ ಹೋದರೆ ‘ಮೊದಲು ನೀವು ನೀವೇ ಸರಿ ಮಾಡಿಕೊಂಡು ಬನ್ನಿ’ ಅನ್ನುತ್ತಾರೆ. ಸೊಸೈಟಿಯಲ್ಲಿ ಸಾಲ ಕೊಡುತ್ತಿಲ್ಲ. ಅಮ್ಮನಿಗೆ ಬಿಪಿ ಇದೆ. ಇದೇ ಯೋಚನೆಯಲ್ಲಿ ಮಾತ್ರೆಯನ್ನೂ ಬಿಟ್ಟಿದ್ದಾರೆ. ಎಲ್ಲಿಂದ ಶುರು ಮಾಡಲಿ ಸಾರ್?
– ಹೆಸರು ಬೇಡ, ಚನ್ನರಾಯಪಟ್ಟಣ ತಾಲ್ಲೂಕು

ಉತ್ತರ: ಮಾತ್ರೆಯಿಂದ ಶುರು ಮಾಡಿ. ನಾನು ಡಾಕ್ಟರ್ ಅಲ್ಲ. ಆದರೆ ತಾಲ್ಲೂಕು ಆಫೀಸಿನ ವರಾಂಡದಲ್ಲಿ ಕೂತ ವಯಸ್ಸಾದವರನ್ನು ನೋಡುತ್ತಲೇ ನನ್ನ ಸರ್ವೀಸು ಮುಗಿದಿದೆ. ಬೆಳಿಗ್ಗೆ ಮೊದಲ ಬಸ್ಸು, ಹೊಟ್ಟೆಗೆ ಬರೀ ಕಾಫಿ, ಮಾತ್ರೆ ಮನೆಯ ಗೂಡಿನಲ್ಲಿ. ಕೇಳಿದರೆ ‘ಈ ಖಾತೆ ಒಂದು ಆಗಲಿ, ಆಮೇಲೆ ನೋಡ್ಕೋತೀನಿ’ ಅನ್ನುತ್ತಾರೆ. ಬಿಪಿ ಹೆಚ್ಚಿದ್ದರೂ ಜಾಸ್ತಿ ಜನಕ್ಕೆ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವಷ್ಟರಲ್ಲಿ ಲಕ್ವ ಹೊಡೆದಿರುತ್ತದೆ. ಈ ವಾರವೇ ಅಮ್ಮನನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಮಾತ್ರೆ ಅಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ಬಿಟ್ಟ ಮಾತ್ರೆಯನ್ನು ಎಷ್ಟರಿಂದ ಶುರು ಮಾಡಬೇಕು ಅಂತ ಡಾಕ್ಟರೇ ಹೇಳಲಿ. ಇನ್ನು ಮುಂದೆ ಆಫೀಸಿಗೆ ಅಲೆಯುವುದು ಅವರ ಕೆಲಸವಲ್ಲ, ನಿಮ್ಮದು.

ಈಗ ಖಾತೆ. ನಿಮ್ಮ ಮನೆಯಲ್ಲೂ ಆಫೀಸಿನಲ್ಲೂ ಎರಡು ಬೇರೆ ಬೇರೆ ಕೆಲಸಗಳನ್ನು ಒಂದೇ ಗಂಟು ಕಟ್ಟಿದ್ದಾರೆ. ಪೌತಿ ಖಾತೆ ಅಂದರೆ ಸತ್ತವರ ಹೆಸರು ತೆಗೆದು ವಾರಸುದಾರರ ಹೆಸರು ಕೂರಿಸುವುದು, ಅಷ್ಟೇ. ಯಾರಿಗೆ ಬಾವಿ ಕಡೆಯದು, ಯಾರಿಗೆ ರಸ್ತೆ ಕಡೆಯದು ಅನ್ನುವ ವಿಭಾಗ ಆಮೇಲಿನ ಮಾತು. ಅದು ವರ್ಷ ಹಿಡಿದರೂ ಹಿಡಿಯಲಿ. ಅಮ್ಮ, ಅಣ್ಣ, ನೀವು, ತಂಗಿ, ನಾಲ್ವರ ಹೆಸರಿಗೂ ಜಂಟಿಯಾಗಿ ಖಾತೆ ಮಾಡಿ ಅಂತ ಅರ್ಜಿ ಕೊಡಿ. ಅಪ್ಪನ ಸ್ವಯಾರ್ಜಿತ ಆಗಿದ್ದು ವಿಲ್ ಇಲ್ಲದಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ನಿಮ್ಮ ನಾಲ್ವರಿಗೂ ಸಮಪಾಲು. ನಿಮ್ಮ ಅಜ್ಜಿ, ಅಂದರೆ ಅಪ್ಪನ ತಾಯಿ, ಬದುಕಿದ್ದರೆ ಅವರೂ ಸೇರುತ್ತಾರೆ. ಹೀಗೆ ಎಲ್ಲರ ಹೆಸರು ಹಾಕಿಸುವುದಕ್ಕೆ ಅಣ್ಣನ ಜೊತೆ ರಾಜಿ ಆಗಿರಬೇಕು ಅಂತ ಕಾನೂನಿನಲ್ಲಿ ಎಲ್ಲೂ ಇಲ್ಲ. ಒಬ್ಬರ ಹೆಸರಿಗೇ ಬೇಕು ಅಂದಾಗ ಮಾತ್ರ ಉಳಿದವರ ಒಪ್ಪಿಗೆಯ ಪ್ರಶ್ನೆ ಬರುತ್ತದೆ.

ಮರಣ ಪ್ರಮಾಣ ಪತ್ರ, ನಾಡಕಚೇರಿಯ ವಂಶವೃಕ್ಷ, ಪಹಣಿ, ಎಲ್ಲರ ಆಧಾರ್ ಜೊತೆಗಿಟ್ಟುಕೊಳ್ಳಿ. ವಂಶವೃಕ್ಷದಲ್ಲಿ ತಂಗಿಯ ಹೆಸರು ಬಿಡಬೇಡಿ. ‘ಕೊಟ್ಟ ಹೆಣ್ಣು, ಅವಳದ್ಯಾಕೆ’ ಅಂತ ಹಿರಿಯರು ಅಂದೇ ಅನ್ನುತ್ತಾರೆ. ಹಾಗೆ ಬಿಟ್ಟ ಒಂದು ಹೆಸರಿನಿಂದ ಮೂವತ್ತು ವರ್ಷದ ಮೇಲೂ ಕೋರ್ಟು ಹತ್ತಿದ ಮನೆಗಳನ್ನು ನಾನು ಬಲ್ಲೆ.

ಅರ್ಜಿ ಬಾಯಲ್ಲಿ ಹೇಳಿ ಬರುವುದಲ್ಲ. ವಿ.ಎ. ಬಾಯಲ್ಲಿ ಹೇಳಿದ್ದಕ್ಕೆ ಎಲ್ಲೂ ದಾಖಲೆ ಇಲ್ಲ, ಅಪೀಲೂ ಇಲ್ಲ. ಬರೆದು ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಗಡುವಿನೊಳಗೆ ಕೆಲಸ ಮಾಡಿಕೊಡಬೇಕಾದ ‘ಸಕಾಲ’ ಯೋಜನೆಯ ಪಟ್ಟಿಯಲ್ಲಿರುವ ಸೇವೆಯಾದರೆ ಸಕಾಲ ನಂಬರ್ ಕೇಳಿ ಪಡೆಯಿರಿ. 2011ರ ಆ ಕಾಯ್ದೆಯಲ್ಲಿ ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಅರ್ಜಿದಾರನಿಗೆ ಪರಿಹಾರ ಉಂಟು. ದುಡ್ಡು ಅಷ್ಟಕ್ಕಷ್ಟೇ, ಆದರೆ ತಡ ಮಾಡಿದವರ ಲೆಕ್ಕ ಉಳಿಯುತ್ತದೆ ನೋಡಿ, ಆ ಹೆದರಿಕೆ ಇದೆ. ಅದಕ್ಕೇ ಒಂದು ಚಾಲಾಕಿತನವೂ ಹುಟ್ಟಿಕೊಂಡಿದೆ. ಗಡುವು ಮುಗಿಯುವ ಹೊತ್ತಿಗೆ ‘ದಾಖಲೆ ಅಪೂರ್ಣ’ ಅಂತ ಹಿಂಬರಹ (ಕಚೇರಿಯ ಲಿಖಿತ ಉತ್ತರ) ಕೊಟ್ಟರೆ ಆಯಿತು, ಅರ್ಜಿ ವಿಲೇ ಆದ ಲೆಕ್ಕ. ಹಾಗಾದರೆ ಬೇಜಾರು ಮಾಡಿಕೊಳ್ಳಬೇಡಿ. ಹಿಂಬರಹ ಒಳ್ಳೆಯದೇ. ಯಾವ ಕಾಗದ ಕಡಿಮೆ ಅಂತ ಅದರಲ್ಲಿ ಬರೆದಿರಲೇಬೇಕು, ಅಷ್ಟನ್ನು ಸೇರಿಸಿ ಮತ್ತೆ ಕೊಡಿ.

ಕಷ್ಟ ಇರುವುದು ಯಾರೂ ‘ಆಗುವುದಿಲ್ಲ’ ಅಂತ ಬರೆಯದ ಫೈಲಿಗೆ. ನಾನು ಕೇಸ್ ವರ್ಕರ್ ಆಗಿದ್ದಾಗ ಒಂದು ಪೌತಿ ಫೈಲು ನನ್ನ ಟೇಬಲ್ಲಿಗೆ ಬಂತು. ಟಿಪ್ಪಣಿ ಹಾಳೆಯ ತುಂಬ ಮೂರೇ ಮಾತು. ‘ಪರಿಶೀಲಿಸಿ ಮಂಡಿಸಿ.’ ಕೆಳಗೆ ‘ಮಂಡಿಸಿದೆ.’ ಅದರ ಕೆಳಗೆ ‘ಚರ್ಚಿಸಿ.’ ಚರ್ಚೆ ಆಗಿತ್ತೋ ಇಲ್ಲವೋ, ಸಾಹೇಬರು ವರ್ಗವಾಗಿ ಹೋಗಿದ್ದರು. ಮುಂದಿನವರು ಬಂದು ಮತ್ತೆ ‘ಪರಿಶೀಲಿಸಿ ಮಂಡಿಸಿ’. ತಿರಸ್ಕರಿಸಿದೆ ಅಂತ ಒಬ್ಬರೂ ಬರೆದಿರಲಿಲ್ಲ, ಹಾಗಾಗಿ ಅಪೀಲು ಹಾಕಲು ಆ ರೈತನಿಗೆ ಒಂದು ಆದೇಶವೂ ಇರಲಿಲ್ಲ. ಆಮೇಲೆ ಅರ್ಜಿದಾರನೇ ತೀರಿಕೊಂಡ. ಅವನ ಮಗ ಬಂದು ಎರಡು ಪೌತಿಗೆ ಒಟ್ಟಿಗೆ ಅರ್ಜಿ ಕೊಟ್ಟ.

ಮನೆಗಳಲ್ಲೂ ಹೀಗೇ ಅಲ್ವಾ? ಅಣ್ಣ ಕೊಡುವುದಿಲ್ಲ ಅಂದಿಲ್ಲ, ‘ಹಬ್ಬ ಕಳೀಲಿ ನೋಡೋಣ’ ಅಂದಿರುತ್ತಾನೆ. ನಿಮ್ಮಣ್ಣ ತಕರಾರು ಹಾಕುವುದಾದರೆ ಹಾಕಲಿ ಬಿಡಿ. 1964ರ ಭೂಕಂದಾಯ ಕಾಯ್ದೆಯ 129ನೇ ಕಲಂನಲ್ಲಿ ತಕರಾರು ಪ್ರಕರಣಕ್ಕೆ ಬೇರೆ ರಿಜಿಸ್ಟರ್ ಇದೆ. ಅದರಲ್ಲಿ ಸೇರಿದರೆ ವಿಚಾರಣೆ ನಡೆಸಿ ಆದೇಶ ಮಾಡಲೇಬೇಕು. ಆದೇಶ ಒಪ್ಪಿಗೆ ಆಗದಿದ್ದರೆ 60 ದಿನದೊಳಗೆ ಎ.ಸಿ.ಗೆ (ಉಪವಿಭಾಗಾಧಿಕಾರಿಗೆ) ಅಪೀಲು. ನಿಮ್ಮಿಬ್ಬರ ಮೌನಕ್ಕಿಂತ ಆ ತಕರಾರೇ ವಾಸಿ.

ಜಂಟಿ ಖಾತೆ ಆದ ಮಾತ್ರಕ್ಕೆ ಯಾರ ಹಕ್ಕೂ ಹೆಚ್ಚುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಮ್ಯುಟೇಶನ್, ಅಂದರೆ ಈ ಖಾತೆ ಬದಲಾವಣೆ, ಇರುವುದು ಕಂದಾಯದ ಲೆಕ್ಕಕ್ಕೆ, ಅದು ಒಡೆತನದ ಪತ್ರವಲ್ಲ ಅಂತ ಸುಪ್ರೀಂ ಕೋರ್ಟ್ ಎಷ್ಟೋ ಸಲ ಹೇಳಿದೆ. ಇದನ್ನು ಅಣ್ಣನಿಗೆ ತಂಗಿಯ ಕೈಲಿ ಹೇಳಿಸಿ. ಅಮ್ಮನ ಕೈಲಿ ಮಾತ್ರ ಬೇಡ. ಸಾಲ, ಬೆಳೆ ಪರಿಹಾರ ಎಲ್ಲದಕ್ಕೂ ಪಹಣಿಯಲ್ಲಿ ಬದುಕಿರುವವರ ಹೆಸರು ಬೇಕು. ಅದು ಇಬ್ಬರಿಗೂ ಲಾಭವೇ.

ಪ್ರಶ್ನೆ: ಅಣ್ಣಂದಿರು ‘ಅರಿಶಿನ ಕುಂಕುಮಕ್ಕೆ’ ಅಂತ ಐವತ್ತು ಸಾವಿರ ಕೊಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕು ಅನ್ನುತ್ತಿದ್ದಾರೆ. ಅದು ಪಿತ್ರಾರ್ಜಿತ ಜಮೀನು. ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ ತಿದ್ದುಪಡಿ ಬಂದದ್ದು 2005ರಲ್ಲಿ, ಅಪ್ಪ ಅದಕ್ಕಿಂತ ಮೊದಲೇ ಹೋದರು, ನಿನಗೆ ಹಕ್ಕೇ ಇಲ್ಲ ಅಂತಲೂ ಅನ್ನುತ್ತಾರೆ.
– ಓದುಗಿ, ಶಿರಾ

ಉತ್ತರ: ಹಕ್ಕೇ ಇಲ್ಲದಿದ್ದರೆ ಬಿಡುಗಡೆ ಪತ್ರ ಯಾಕಮ್ಮ? 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ತೀರ್ಮಾನಿಸಿದೆ. ಪಿತ್ರಾರ್ಜಿತದಲ್ಲಿ ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, 2005ರಲ್ಲಿ ಅಪ್ಪ ಬದುಕಿರಬೇಕಾಗಿಲ್ಲ. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ರಿಜಿಸ್ಟರ್ ಆದ ವಿಭಾಗ ಇದ್ದರೆ ಮಾತು ಬೇರೆ, ಅದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹುಡುಕಿಸಿ. ತವರಿಗೆ ಬಿಟ್ಟುಕೊಡಬೇಕು ಅಂತ ನಿಮಗೇ ಅನ್ನಿಸಿದರೆ ಬಿಡಿ, ಅದು ನಿಮ್ಮಿಷ್ಟ. ಒಮ್ಮೆ ರಿಜಿಸ್ಟರ್ ಆದ ಪತ್ರವನ್ನು ರದ್ದು ಮಾಡಿಸುವುದು ಸುಲಭವಲ್ಲ. ವಕೀಲರಿಗೆ ಓದಿಸದೆ ಸಹಿ ಹಾಕಬೇಡಿ.

ಪ್ರಶ್ನೆ: ತಾತ ತೀರಿಕೊಂಡು ನಲವತ್ತು ವರ್ಷ. ಮರಣ ನೋಂದಣಿ ಆಗಿಲ್ಲ. ಖಾತೆಗೆ ಅದೇ ಅಡ್ಡಿ.
– ಓದುಗ, ಪಾವಗಡ

ಉತ್ತರ: ಸತ್ತವರ ಹೆಸರಿಗೆ ಕಂದಾಯ ರಸೀದಿ ಹರಿಯುವ ಸರ್ಕಾರಕ್ಕೆ, ಅವರು ಸತ್ತಿದ್ದಾರೆ ಅಂತ ನಂಬಿಸುವುದೇ ಕಷ್ಟ! ನೋಂದಣಿಗೆ ಇರುವ ಅವಧಿ 21 ದಿನ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. 2023ರ ತಿದ್ದುಪಡಿಯಲ್ಲಿ ಆ ಅಧಿಕಾರ ಡಿ.ಸಿ., ಎ.ಸಿ. ದರ್ಜೆಯ ಮ್ಯಾಜಿಸ್ಟ್ರೇಟರಿಗೆ ಬಂದಿದೆ. ಮೊದಲು ನೋಂದಣಿ ಕಚೇರಿಯಲ್ಲಿ ‘ದಾಖಲೆ ಲಭ್ಯವಿಲ್ಲ’ ಅಂತ ಬರೆಸಿಕೊಳ್ಳಿ. ಹಳೆಯ ಪಿಂಚಣಿ ಕಾಗದ, ಊರಿನ ಹಿರಿಯರ ಅಫಿಡವಿಟ್ ಸೇರಿಸಿ ಎ.ಸಿ. ಕಚೇರಿಗೆ ಅರ್ಜಿ ಕೊಡಿ. ಜೆರಾಕ್ಸ್ ಎರಡು ಸೆಟ್ ಇರಲಿ. ಒಂದು ಸೆಟ್ ಅವರ ಕೈಲೇ ಕಳೆದುಹೋಗುತ್ತದೆ.